ಬೇಸಿಗೆಯ ನಗರವಿಹಾರ

ನಮ್ಮ ಹಿಂದಿನ ಆಲಂಕಾರಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ಗೊತ್ತುಮಾಡಿದ್ದರು. ಸಮುದ್ರ, ಪರ್ವತ, ಚಂದ್ರೋದಯ, ಸೂರ್ಯೋದಯಗಳ ಜೊತೆಗೆ ಆ ಪಟ್ಟಿಯಲ್ಲಿ ನಗರವೂ ಉಂಟು, ಋತುವೂ ಉಂಟು, ವನವಿಹಾರ ಜಲಕ್ರೀಡೆಗಳೂ ಉಂಟು. ಹಳಗನ್ನಡದ ಕವಿಗಳು ಈ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದರು. ಕೆಲವರಂತೂ ಓದುಗನ ತಾಳ್ಮೆ ತೀರುವವರೆಗೂ ಪಾಲಿಸಿದರು. ಬಿಸಿಲೇರಿದೊಡನೆ ಉಪವನ, ಉಪವನದ ನಡುವೆ ಕೊಳ, ಕೊಳದಲ್ಲಿ ತಾವರೆ, ದಡದಲ್ಲಿ ಮಾವಿನ ನೆರಳು, ನೆರಳಿನಲ್ಲಿ ತಂಗಾಳಿ. ಒಂದರ ಹಿಂದೆ ಒಂದು ತಪ್ಪದೆ ಬರುತ್ತವೆ. ಆದರೆ ಆ ಉಪವನಕ್ಕೆ ಹೋಗುತ್ತಿದ್ದವರು ಯಾರು? ರಾಜ, ರಾಣಿ, ಅವರ ಪರಿವಾರ. ತೋಟಕ್ಕೆ ನೀರು ಹೊತ್ತವನೂ ಕೊಳ ತೋಡಿದವನೂ ಕಾವ್ಯದ ಬೇಲಿಯ ಹೊರಗೆ ನಿಂತಿದ್ದರು. ಬೇಸಿಗೆಯ ಸುಖವೆಂಬುದು ಅರಮನೆಯ ಸೊತ್ತಾಗಿತ್ತು.

ಇಂದು ದೊಡ್ಡ ನಗರದಲ್ಲಿ ಬದುಕುವ ಸಾಮಾನ್ಯನಿಗೆ ಅರಮನೆಯಿಲ್ಲ. ಎರಡು ಕೋಣೆಯ ಮನೆ, ತಲೆಯ ಮೇಲೊಂದು ಪಂಖ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಅವನಿಗೂ ಒಂದು ವನವಿಹಾರ ಬೇಡವೆ? ಅವನ ಮಕ್ಕಳಿಗೂ ಒಂದು ಜಲಕ್ರೀಡೆ ಬೇಡವೆ? ಬೇಸಿಗೆ ಬಂದಿತೆಂದರೆ ಊಟಿ, ಕೊಡೈಕನಾಲ್ ಎಂದು ಹೊರಡುವ ಅನುಕೂಲವಂತರ ಮಾತು ಬೇರೆ. ಊರಿನಲ್ಲಿಯೇ ಉಳಿಯುವ ಬಹುಸಂಖ್ಯೆಯ ಜನಕ್ಕೆ ನಗರವು ತಾನಾಗಿ ಏನನ್ನು ಕೊಡಬಲ್ಲುದು ಎಂಬುದೇ ಇಂದಿನ ಮಾತಿನ ವಿಷಯ. ಉದಾಹರಣೆಗೆ ನಮ್ಮದೇ ಬೆಂಗಳೂರನ್ನು ತೆಗೆದುಕೊಳ್ಳೋಣ.

ಮೊದಲಿಗೆ ಪಂಚಾಂಗವನ್ನು ಕುರಿತು ಒಂದು ಮಾತು. ಪಂಚಾಂಗದ ಪ್ರಕಾರ ಗ್ರೀಷ್ಮವೆಂದರೆ ಜ್ಯೇಷ್ಠ, ಆಷಾಢ. ಆದರೆ ಬೆಂಗಳೂರಿನವರು ಬೆವರುವುದು ಚೈತ್ರ, ವೈಶಾಖಗಳಲ್ಲಿ. ಜ್ಯೇಷ್ಠ ಕಾಲಿಡುವ ಹೊತ್ತಿಗೆ ಇಲ್ಲಿ ಮೋಡ ಕವಿದು ಮಳೆ ಆರಂಭವಾಗಿರುತ್ತದೆ. ಹಾಗಾಗಿ ನಾವು ಬೇಸಿಗೆಯೆಂದು ಬೈಯುವ ಕಾಲ ಶಾಸ್ತ್ರೀಯವಾಗಿ ವಸಂತವೇ. ಇದು ಕೇವಲ ಶಬ್ದದ ಚಮತ್ಕಾರವಲ್ಲ. ಈ ಊರಿನಲ್ಲಿ ಬಿಸಿಲೂ ಹೂವೂ ಜೊತೆಯಾಗಿ ಬರುತ್ತವೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವುದರಿಂದ ಹಗಲಿನ ಉರಿ ರಾತ್ರಿಗೆ ತಗ್ಗುತ್ತದೆ. ಏಪ್ರಿಲಿನಲ್ಲಿ ನಾಲ್ಕು ದಿನ ಬೆಂದ ಮೇಲೆ ಐದನೆಯ ಸಂಜೆ ಗುಡುಗು ಕೇಳಿಸುವ ಸಂಭವವೂ ಉಂಟು. ಅಶ್ವಿನಿಯೋ ಭರಣಿಯೋ ಒಂದು ಹದ ಸುರಿದರೆ ಮಣ್ಣಿನ ವಾಸನೆ ಬೀದಿಯನ್ನು ತುಂಬುತ್ತದೆ, ಬೀದಿದೀಪದ ಸುತ್ತ ಮಳೆಹುಳುಗಳು ಮುತ್ತುತ್ತವೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎಂದು ರೈತ ಹೇಳಿದರೆ, ಆ ರಾತ್ರಿ ಕಣ್ಣುತುಂಬ ನಿದ್ದೆ ಎಂದು ನಗರದವನು ಸೇರಿಸಿಕೊಳ್ಳಬಹುದು. 1927ರ ಬೇಸಿಗೆಯಲ್ಲಿ ಅಸ್ವಸ್ಥರಾಗಿದ್ದ ಗಾಂಧೀಜಿ ವಿಶ್ರಾಂತಿಗಾಗಿ ನಂದಿಬೆಟ್ಟಕ್ಕೆ ಬಂದರು, ಅಲ್ಲಿಂದ ಇಳಿದು ಬೆಂಗಳೂರಿನಲ್ಲಿಯೇ ತಂಗಿದ್ದರು. ಈ ಊರಿನ ಹವೆಗೆ ಔಷಧದ ಹೆಸರಿದ್ದ ಕಾಲವದು.

ಬೇಸಿಗೆಯ ವಿಹಾರಕ್ಕೆ ಹೊತ್ತು ಬಹಳ ಮುಖ್ಯ. ಸೂರ್ಯನಿಗಿಂತ ಮುಂಚೆ ಏಳಬಲ್ಲವರು ಲಾಲ್‌ಬಾಗಿನ ಬಂಡೆಯ ಮೇಲೆ ಹೋಗಿ ಕುಳಿತುಕೊಳ್ಳಬೇಕು. ರಾತ್ರಿಯೆಲ್ಲ ತಣಿದ ಕಲ್ಲು ಆ ಹೊತ್ತಿಗೆ ಅಂಗಾಲಿಗೆ ತಂಪು. ಭೂವಿಜ್ಞಾನಿಗಳು ಆ ಬಂಡೆಯ ವಯಸ್ಸನ್ನು ಸುಮಾರು 300 ಕೋಟಿ ವರ್ಷವೆಂದು ಲೆಕ್ಕ ಹಾಕಿದ್ದಾರೆ. 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗಡಿಗೋಪುರ. ಊರು ಇಷ್ಟರ ಆಚೆಗೆ ಬೆಳೆಯದು ಎಂಬ ನಂಬಿಕೆಯಿಂದ ಆ ಗೋಪುರಗಳು ಎದ್ದುವೆಂಬ ಪ್ರತೀತಿ ಉಂಟು. ಈಗ ಅಲ್ಲಿ ನಿಂತು ಸುತ್ತ ನೋಡಿದರೆ ಊರು ಆ ಗಡಿಯನ್ನು ದಾಟಿ ಎಷ್ಟೋ ಹರದಾರಿ ಹೋಗಿರುವುದು ಕಾಣುತ್ತದೆ. ಪೂರ್ವದಲ್ಲಿ ಕೆಂಪೇರುತ್ತಿದ್ದಂತೆ ಕೋಗಿಲೆ ಒಂದು ಮೂಲೆಯಿಂದ, ಕುಟುರನ ಹಕ್ಕಿ ಇನ್ನೊಂದು ಮೂಲೆಯಿಂದ ದನಿಗೂಡಿಸುತ್ತವೆ. ಗರುಡಗಳು ಬಿಸಿಯೇರುವ ಗಾಳಿಗಾಗಿ ಕಾದು, ಎಂಟು ಗಂಟೆಯಾದ ಮೇಲೆ ನಿಧಾನವಾಗಿ ಸುತ್ತುಹಾಕತೊಡಗುತ್ತವೆ. ಅಷ್ಟು ಹೊತ್ತಿಗೆ ನಾವು ಕೆಳಗಿಳಿದು ಮರಗಳ ನಡುವೆ ಸೇರಿಕೊಂಡಿರಬೇಕು.

ಈ ಲಾಲ್‌ಬಾಗಿನ ಕಥೆ ನನ್ನ ಮಾತಿಗೆ ಒಳ್ಳೆಯ ನಿದರ್ಶನ. ಇದೂ ಒಂದು ಕಾಲಕ್ಕೆ ರಾಜೋದ್ಯಾನವೇ. 1760ರ ಸುಮಾರಿನಲ್ಲಿ ಹೈದರಾಲಿ, ಸಿರಾದ ಮೊಗಲ್ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು, ಇದನ್ನು ಆರಂಭಿಸಿದ. ಮಗ ಟಿಪ್ಪು ದೂರದ ದೇಶಗಳಿಂದ ಗಿಡ, ಬೀಜಗಳನ್ನು ತರಿಸಿ ಬೆಳೆಸಿದ. ಆಳುವವರು ಬದಲಾದರು, ತೋಟ ಕೈಯಿಂದ ಕೈಗೆ ದಾಟಿತು. 1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಕಾವ್ಯದ ಬೇಲಿ ಮುರಿದದ್ದು ಅಂದಿನಿಂದ ಎನ್ನಬಹುದು. ಒಬ್ಬ ನವಾಬನ ವಿಹಾರಕ್ಕೆಂದು ನೆಟ್ಟ ನೆರಳು ಊರಿನ ನೆರಳಾಯಿತು. ಕ್ರಮೇಣ ಉದ್ಯಾನ 240 ಎಕರೆಗಳವರೆಗೆ ಹಬ್ಬಿತು. 1889ರಲ್ಲಿ ಗಾಜಿನ ಮನೆಗೆ ಅಸ್ತಿಭಾರ ಬಿತ್ತು. ಲಂಡನ್ನಿನ ಸ್ಫಟಿಕದ ಅರಮನೆಯನ್ನು ನೆನಪಿಗೆ ತರುವ ಆ ಕಟ್ಟಡದಲ್ಲಿ ಎಷ್ಟು ಫಲಪುಷ್ಪ ಪ್ರದರ್ಶನಗಳು ನಡೆದಿವೆಯೋ ಲೆಕ್ಕವಿಟ್ಟವರಾರು! ಪಶ್ಚಿಮದ ಬಾಗಿಲಿನ ಕಡೆ ಇರುವ ಮುದಿ ಬಿಳಿ ಬೂರುಗದ ಮರವನ್ನು ನೋಡದೆ ಹಿಂತಿರುಗಬಾರದು. ಅದರ ಬುಡದ ಹಲಗೆಬೇರುಗಳ ನಡುವೆ ಮಕ್ಕಳು ನಿಂತರೆ ಗೋಡೆಗಳ ನಡುವೆ ನಿಂತಂತೆ ಕಾಣುತ್ತಾರೆ.

ಲಾಲ್‌ಬಾಗನ್ನು ಕುರಿತು ಮಾತನಾಡುವಾಗ ಒಂದು ಹೆಸರನ್ನು ಮರೆಯುವಂತಿಲ್ಲ. 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಬರೋಡದಿಂದ ಇಲ್ಲಿಗೆ ಬಂದ ಜರ್ಮನಿಯ ತೋಟಗಾರಿಕೆಯ ತಜ್ಞ ಕ್ರುಂಬಿಗಲ್. ಬೆಂಗಳೂರಿನ ಬೀದಿಗಳಿಗೆ ಆತ ಹಾಕಿಕೊಂಡ ಯೋಜನೆ ಬಹಳ ಸರಳ, ಬಹಳ ರಸಿಕವಾದದ್ದು. ವರ್ಷದ ಯಾವ ತಿಂಗಳು ನೋಡಿದರೂ ಊರಿನ ಯಾವುದಾದರೊಂದು ಬೀದಿಯಲ್ಲಿ ಯಾವುದಾದರೊಂದು ಮರ ಹೂಬಿಟ್ಟಿರಬೇಕು. ಒಂದರ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳಬೇಕು. ಎರಡು ಮಹಾಯುದ್ಧಗಳ ಕಾಲದಲ್ಲಿ ಜರ್ಮನನೆಂಬ ಕಾರಣಕ್ಕೆ ಆತನನ್ನು ಬಂಧನದಲ್ಲಿಟ್ಟದ್ದೂ ಉಂಟು. ಹೊರಬಂದು ಮತ್ತೆ ಗಿಡಗಳ ಕೆಲಸಕ್ಕೇ ನಿಂತ. 1956ರಲ್ಲಿ ಈ ಊರಿನಲ್ಲಿಯೇ ತೀರಿಕೊಂಡ, ಈ ಮಣ್ಣಿನಲ್ಲಿಯೇ ಮಲಗಿದ್ದಾನೆ. ಆತನ ತರುವಾಯ ಜವರಾಯ, ಮರಿಗೌಡ ಮೊದಲಾದ ನಮ್ಮವರೇ ಆದ ತೋಟಗಾರರು ಆ ಪರಂಪರೆಯನ್ನು ಮುಂದುವರಿಸಿದರು. ಮರ ನೆಡುವವನಿಗೆ ಅದರ ಪೂರ್ಣ ನೆರಳಿನಲ್ಲಿ ಕೂರುವ ಯೋಗ ಸಾಮಾನ್ಯವಾಗಿ ಇರುವುದಿಲ್ಲ. ಇಂದು ನಮಗಿರುವ ನೆರಳು ಹೀಗೆ ತಮಗಲ್ಲದ ಸುಖಕ್ಕಾಗಿ ದುಡಿದವರು ಬಿಟ್ಟುಹೋದ ಆಸ್ತಿ.

ಆ ಹೂವಿನ ಪಂಚಾಂಗವನ್ನು ಓದುವುದು ಬೇಸಿಗೆಯ ದೊಡ್ಡ ವಿನೋದಗಳಲ್ಲಿ ಒಂದು. ಇದಕ್ಕೆ ಟಿಕೆಟ್ಟಿಲ್ಲ. ಚಳಿ ಮುಗಿಯುವ ಮೊದಲೇ ಗುಲಾಬಿ ಬಣ್ಣದ ಟಬೆಬುಯಾ ಎಲೆಯೆಲ್ಲವನ್ನೂ ಕಳಚಿ ಬರಿಯ ಹೂವಾಗಿ ನಿಲ್ಲುತ್ತದೆ. ಶಿವರಾತ್ರಿಯ ಆಚೀಚೆ ಅದರ ಹಳದಿಯ ತಂಗಿ. ಯುಗಾದಿಯ ಸುಮಾರಿಗೆ ಜಕರಾಂಡದ ನೀಲಿ. ಅದೇ ಕಾಲಕ್ಕೆ ನಮ್ಮ ಹೊಂಗೆ ಹಳೆಯ ಎಲೆಯನ್ನು ಉದುರಿಸಿ, ಎಣ್ಣೆ ಸವರಿದಂತೆ ಮಿರುಗುವ ಎಳೆಯ ಚಿಗುರನ್ನು ತಳೆಯುತ್ತದೆ. ಬೆಳಗಾಗೆದ್ದು ನೋಡಿದರೆ ಬುಡದಲ್ಲಿ ಅರಳು ಚೆಲ್ಲಿದಂತೆ ಹೂವು ಹರಡಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಕ್ಕೆಯ ಮರ ಬಂಗಾರದ ಗೊಂಚಲುಗಳನ್ನು ಇಳಿಬಿಡುತ್ತದೆ. ಬಿಸಿಲು ತೀರ ಉಗ್ರವಾದಾಗ ಗುಲ್‌ಮೊಹರ್ ಬಿಸಿಲಿಗೇ ಸವಾಲು ಹಾಕುವಂತೆ ಕೆಂಪಾಗುತ್ತದೆ. ಇವುಗಳಲ್ಲಿ ಅನೇಕವು ಪರದೇಶದವು. ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಸಂಜೆಯಾದೊಡನೆ ಎಲೆ ಮುಚ್ಚಿ ನಿದ್ರಿಸುವ ಮಳೆಮರವೂ ಅಮೆರಿಕ ಖಂಡದ್ದೇ. ಆದರೆ ಬೀದಿಯ ಮಕ್ಕಳಿಗೆ ಈ ವಂಶಾವಳಿ ಬೇಕಿಲ್ಲ. ಗುಲ್‌ಮೊಹರಿನ ಉದ್ದನೆಯ ಕಾಯಿಯಿಂದ ಕತ್ತಿಯುದ್ಧ ಆಡಿ ಅದಕ್ಕೆ ಕತ್ತಿಕಾಯಿ ಮರವೆಂದು ಹೆಸರಿಟ್ಟರು. ಇನ್ನೊಂದು ಮರದ ಮೊಗ್ಗನ್ನು ಹಿಸುಕಿ ಒಬ್ಬರ ಮೇಲೊಬ್ಬರು ನೀರು ಚಿಮ್ಮಿಸಿ ಅದನ್ನು ನೀರುಕಾಯಿ ಮರವೆಂದರು. ಹೀಗೆ ನಾಮಕರಣವಾದ ಮೇಲೆ ಆ ಮರಗಳು ಪರದೇಶಿಗಳಾಗಿ ಉಳಿಯುವುದುಂಟೆ?

ಮಧ್ಯಾಹ್ನ ವಿಹಾರದ ಹೊತ್ತಲ್ಲ ಎನ್ನುವರು. ನಿಜ. ಆದರೆ ನಗರದ ನೆರಳಿಗೆ ನಿಜವಾದ ಬೆಲೆ ಬರುವುದು ಮಧ್ಯಾಹ್ನದಲ್ಲಿಯೇ. ಬೆಂಗಳೂರಿನ ಬೀದಿಗಳಲ್ಲಿ ಅಳತೆಮಾಡಿ ನಡೆಸಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮರಗಳಿರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ, ಮರಗಳಿಲ್ಲದ ಬೀದಿಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ಕಡಿಮೆ. ಡಾಂಬರಿನ ಮೈಯ ಬಿಸಿಯಂತೂ 27.5 ಡಿಗ್ರಿಯವರೆಗೂ ಕಡಿಮೆ. ಹೊಂಗೆ ನೆರಳು ತಾಯಿಯ ಮಡಿಲು ಎಂದು ನಮ್ಮ ಹಳ್ಳಿಯವರು ಯಾವ ಉಪಕರಣವೂ ಇಲ್ಲದೆ ಅಳೆದಿದ್ದರು. ವಿಜ್ಞಾನ ಆ ಮಾತಿಗೆ ಅಂಕಿಗಳ ಸಾಕ್ಷಿಯನ್ನು ಒದಗಿಸಿತು, ಅಷ್ಟೆ.

ಈ ಸಾಕ್ಷಿಯನ್ನು ಕಣ್ಣಿನಿಂದ ಕಾಣಬೇಕಾದರೆ ಒಂದು ಮಧ್ಯಾಹ್ನ ಕಬ್ಬನ್ ಪಾರ್ಕಿಗೆ ಹೋಗಬೇಕು. 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಇದನ್ನು ರೂಪಿಸಿದಾಗ ಇದರ ವಿಸ್ತಾರ 100 ಎಕರೆ. ಮುಂದೆ ಅದು ಬೆಳೆಯಿತು. 1927ರಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಹೆಸರು ಬಂದರೂ ಜನರ ನಾಲಗೆ ಹಳೆಯ ಹೆಸರನ್ನು ಬಿಡಲಿಲ್ಲ. ಒಂದು ಕಡೆ ಅಠಾರ ಕಚೇರಿಯ ಕೆಂಪು, ನಡುವೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು. 1915ರಲ್ಲಿ ಕಟ್ಟಿದ ಆ ಭವನದಲ್ಲಿ ಪುಸ್ತಕ ಭಂಡಾರ. ಓದುವ ಅಭ್ಯಾಸವುಳ್ಳವರಿಗೆ ಇದಕ್ಕಿಂತ ಸುಖವಾದ ಬೇಸಿಗೆಯ ಮಧ್ಯಾಹ್ನ ಉಂಟೆ! ಒಳಗೆ ಎತ್ತರದ ಚಾವಣಿಯ ತಂಪು, ಹೊರಗೆ ಬಿದಿರುಮೆಳೆಗಳ ಸಪ್ಪಳ.

ಆದರೆ ಅಲ್ಲಿ ನೋಡಬೇಕಾದ ನೋಟ ಬೇರೆಯೇ ಇದೆ. ಮಳೆಮರದ ಬುಡದಲ್ಲಿ ಯಾರು ಮಲಗಿದ್ದಾರೆ ಎಂಬುದನ್ನು ಗಮನಿಸಬೇಕು. ಬೆಳಗಿನ ಜಾವ ಬೀದಿ ಗುಡಿಸಿ ಬಂದ ಪೌರಕಾರ್ಮಿಕರು ಇದ್ದಾರೆ. ಬಾಡಿಗೆ ಸಿಕ್ಕದ ಆಟೋ ಚಾಲಕ ಇದ್ದಾನೆ. ಪರವೂರಿನಿಂದ ಕಚೇರಿಯ ಕೆಲಸಕ್ಕೆ ಬಂದು, ಮೂರು ಗಂಟೆಯ ಮೇಲೆ ಬನ್ನಿ ಎಂಬ ಉತ್ತರ ಪಡೆದ ಹಳ್ಳಿಯವನು ಬುತ್ತಿ ಬಿಚ್ಚಿದ್ದಾನೆ. ಪರೀಕ್ಷೆಗೆ ಓದುವ ಹುಡುಗಿ, ಮನೆಯಲ್ಲಿ ಮಾತನಾಡಲು ಜಾಗವಿಲ್ಲದ ನವದಂಪತಿಗಳು, ಸೊಸೆಗೆ ಭಾರವಾಗಬಾರದೆಂದು ಹಗಲು ಹೊರಗೆ ಕಳೆಯುವ ಮುದುಕರು, ಎಲ್ಲರೂ ಇದ್ದಾರೆ. ಮನೆಯಲ್ಲಿ ತಂಪು ಹವೆಯ ಯಂತ್ರವಿರುವವರಿಗೆ ಉದ್ಯಾನ ಒಂದು ವಿನೋದ. ತಗಡಿನ ಮಾಡಿನ ಕೆಳಗೆ ವಾಸಿಸುವವನಿಗೆ ಅದು ಜೀವದ ಅಗತ್ಯ. 2016ರ ಏಪ್ರಿಲ್ 24ರಂದು ಈ ಊರಿನಲ್ಲಿ 39.2 ಡಿಗ್ರಿ ಉಷ್ಣತೆ ದಾಖಲಾಯಿತು. ಅಂಥ ದಿನ ತಗಡಿನ ಕೆಳಗೆ ಕೂಸನ್ನು ಮಲಗಿಸಿದ ತಾಯಿಗೆ ಒಂದು ಮರದ ನೆರಳು ಎಷ್ಟು ದೂರದಲ್ಲಿದೆ ಎಂಬುದು ಕಾವ್ಯದ ಪ್ರಶ್ನೆಯಲ್ಲ. ಈ ಎರಡು ಉದ್ಯಾನಗಳ ರಕ್ಷಣೆಗೆ 1975ರಲ್ಲಿ ಶಾಸನವಾಯಿತು. ಮರಗಳ ರಕ್ಷಣೆಗೆ 1976ರಲ್ಲಿ ಇನ್ನೊಂದು ಬಂದಿತು. ಶಾಸನ ಇರುವುದು ಒಳ್ಳೆಯದು. ಅದನ್ನು ಆಗಾಗ ನೆನಪಿಸುವ ಜನ ಇರುವುದು ಇನ್ನೂ ಒಳ್ಳೆಯದು.

ಹೊತ್ತು ಇಳಿಯಿತೆಂದರೆ ಬೆಂಗಳೂರಿನ ಬೇಸಿಗೆಗೆ ಬೇರೊಂದು ಮುಖ. ರಾಮನವಮಿಯ ದಿನ ಬೀದಿಬೀದಿಗೂ ಚಪ್ಪರ. ಹಾದುಹೋಗುವವರನ್ನು ನಿಲ್ಲಿಸಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಕೊಡುತ್ತಾರೆ. ಜಾತಿ ಕೇಳುವವರಿಲ್ಲ, ಹೆಸರು ಕೇಳುವವರಿಲ್ಲ, ಬಾಯಾರಿಕೆಯೊಂದೇ ಅರ್ಹತೆ. ಬೆಲ್ಲ, ನಿಂಬೆ, ಏಲಕ್ಕಿ, ಹೆಸರುಬೇಳೆ, ಸೌತೆಕಾಯಿ ಇವೆಲ್ಲ ಬಿಸಿಲಿಗೆ ಪಥ್ಯ ಎಂಬುದನ್ನು ಹಿರಿಯರು ಹಬ್ಬದ ಹೆಸರಿನಲ್ಲಿ ಗೊತ್ತುಮಾಡಿದ್ದರು. ಆ ದಿನಗಳಲ್ಲಿಯೇ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ರಾಮೋತ್ಸವದ ಸಂಗೀತ. ಶ್ರೀ ರಾಮಸೇವಾ ಮಂಡಲಿ 1939ರಲ್ಲಿ ಆರಂಭಿಸಿದ ಈ ಉತ್ಸವದಲ್ಲಿ ದೇಶದ ಹಿರಿಯ ವಿದ್ವಾಂಸರು ಹಾಡಿದ್ದಾರೆ, ನುಡಿಸಿದ್ದಾರೆ. ಒಳಗೆ ಕುರ್ಚಿಯ ಮೇಲೆ ಕುಳಿತವರು ಹೇಗೋ ಹಾಗೆ, ಬೇಲಿಯಾಚೆಯ ರಸ್ತೆಯ ಮೇಲೆ ಸೈಕಲ್ಲಿಗೆ ಒರಗಿ ನಿಂತವರೂ ಆ ಸಂಗೀತಕ್ಕೆ ತಲೆದೂಗಿದವರೇ. ಬಯಲಿನಲ್ಲಿ ಹಾಡಿದ ಕಾಂಬೋಧಿಗೆ ಗೋಡೆಯಿಲ್ಲ.

ಚೈತ್ರ ಶುದ್ಧ ಹುಣ್ಣಿಮೆಯ ರಾತ್ರಿ ಕರಗ. ತಿಗಳರ ಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ, ನಡುರಾತ್ರಿಯಾದ ಮೇಲೆ, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತು, ಹೆಣ್ಣಿನ ಉಡುಗೆಯಲ್ಲಿ ಅರ್ಚಕ ಹೊರಬರುತ್ತಾನೆ. ಸುತ್ತ ಕತ್ತಿ ಹಿಡಿದ ವೀರಕುಮಾರರ ಗೋವಿಂದ ಘೋಷ. ಎಸೆದ ಮಲ್ಲಿಗೆಯಿಂದ ಪೇಟೆಯ ಓಣಿಗಳೆಲ್ಲ ಬೆಳದಿಂಗಳಲ್ಲಿ ಇನ್ನಷ್ಟು ಬೆಳ್ಳಗಾಗುತ್ತವೆ. ದ್ರೌಪದಿಯ ಈ ಉತ್ಸವ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಗೌರವ ಸಲ್ಲಿಸಿಯೇ ಮುಂದುವರಿಯುತ್ತದೆ. ಇದನ್ನು ಹೊತ್ತು ನಡೆಸುವ ತಿಗಳರು ಯಾರು? ತಲೆತಲಾಂತರದಿಂದ ಈ ಊರಿನ ಹೂವು, ಹಣ್ಣು, ತರಕಾರಿಗಳ ತೋಟಗಳನ್ನು ಮಾಡಿದವರು. ಕಾವ್ಯದ ಬೇಲಿಯ ಹೊರಗೆ ನಿಂತಿದ್ದ ಆ ತೋಟಗಾರ, ವರ್ಷಕ್ಕೊಂದು ರಾತ್ರಿ ಇಡೀ ನಗರದ ನಡುವೆ ನಾಯಕನಾಗಿ ನಡೆಯುತ್ತಾನೆ. ಬೇಸಿಗೆಯ ಬೆಂಗಳೂರಿನಲ್ಲಿ ನೋಡಬೇಕಾದದ್ದೊಂದನ್ನು ಮಾತ್ರ ಹೇಳಿ ಎಂದರೆ ನಾನು ಈ ರಾತ್ರಿಯನ್ನು ಹೇಳುತ್ತೇನೆ.

ಕರಗದ ಜೊತೆಗೆ ನೀರಿನ ಕಥೆಯೂ ಸೇರಿಕೊಂಡಿದೆ. ಹೂವಿನ ಕರಗಕ್ಕೆ ಮುಂಚೆ ಹಸಿ ಕರಗ ನಡೆಯುವುದು ಸಂಪಂಗಿ ಕೆರೆಯ ಸ್ಥಳದಲ್ಲಿ. ಆದರೆ ಸಂಪಂಗಿ ಕೆರೆ ಎಲ್ಲಿದೆ? ಅದರ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಕೆರೆಯೆಂದು ಉಳಿದದ್ದು ಮೂಲೆಯ ಒಂದು ಸಣ್ಣ ನೀರಿನ ತಾಣ. ಊರು ಕೆರೆಯನ್ನು ಮರೆತರೂ ಆಚರಣೆ ಮರೆಯಲಿಲ್ಲ. ವರ್ಷವರ್ಷವೂ ಹಳೆಯ ವಿಳಾಸವನ್ನು ಹುಡುಕಿಕೊಂಡು ಅಲ್ಲಿಗೇ ಬರುತ್ತದೆ. ಧರ್ಮಾಂಬುಧಿ ಕೆರೆಯಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಅಂಬುಧಿ ಎಂದರೆ ಕಡಲು. ಈಗ ಅಲ್ಲಿ ಅಲೆಯಲೆಯಾಗಿ ಬರುವವರು ಪ್ರಯಾಣಿಕರು. ಹೀಗೆ ನಮ್ಮ ಪಟ್ಟಿಯಲ್ಲಿ ವನವಿಹಾರವಾದರೂ ಉಳಿಯಿತು, ಜಲಕ್ರೀಡೆಯ ಪುಟವನ್ನು ನಾವೇ ಹರಿದುಹಾಕಿದೆವು. ಒಂದಾನೊಂದು ಕಾಲಕ್ಕೆ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕೆರೆ ಬಾವಿಗಳಲ್ಲಿ ಈಜು ಕಲಿಯುತ್ತಿದ್ದರು. ಈಗ ಬೇಸಿಗೆ ಶಿಬಿರದ ಮಕ್ಕಳು ಈಜುಕೊಳದಲ್ಲಿ ಶುಲ್ಕ ಕಟ್ಟಿ ಕಲಿಯುತ್ತಾರೆ. ಕಲಿಯುವುದು ಒಳ್ಳೆಯದೇ, ಶುಲ್ಕ ಕಟ್ಟಲಾರದವನ ಮಗ ದಡದಲ್ಲಿ ನಿಲ್ಲುವಂತಾಯಿತು ಎಂಬುದಷ್ಟೇ ವ್ಯಥೆ.

ಹಾಗೆಂದು ಎಲ್ಲವೂ ಹೋಯಿತೆಂದು ಕೈಚೆಲ್ಲಬೇಕಾಗಿಲ್ಲ. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಏರಿಯ ಮೇಲೆ ಸಂಜೆ ನಡೆದಾಡಿದವರಿಗೆ ನೀರಿನ ಮೇಲಿಂದ ಬರುವ ಗಾಳಿಯ ಬೆಲೆ ಗೊತ್ತು. ಹಲಸೂರು ಕೆರೆಯ ನಡುಗಡ್ಡೆಗಳಿಗೆ ಸಂಜೆ ಹಕ್ಕಿಗಳು ಮರಳುವುದನ್ನು ನೋಡುತ್ತ ಕೂರುವುದಕ್ಕೆ ಈಗಲೂ ಜಾಗವಿದೆ. ಮಾಸ್ತಿಯವರು ಗವೀಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಕೊಡೆ ಹಿಡಿದು ನಡೆದುಹೋಗುತ್ತಿದ್ದುದನ್ನು ಕಂಡ ಹಿರಿಯರು ಆ ನೋಟವನ್ನು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ನಡಿಗೆ ನಗರವಾಸಿಯ ಅತ್ಯಂತ ಅಗ್ಗದ, ಅತ್ಯಂತ ಸಭ್ಯವಾದ ವಿಹಾರ. ನಡೆಯುವವನು ಊರನ್ನು ಕಾಣುತ್ತಾನೆ. ವಾಹನದಲ್ಲಿ ಹೋಗುವವನಿಗೆ ಮುಂದಿನ ವಾಹನ ಮಾತ್ರ ಕಾಣುತ್ತದೆ.

ಹಣ್ಣಿನ ಮಾತನ್ನು ಬಿಟ್ಟರೆ ಬೇಸಿಗೆ ಮುನಿದುಕೊಂಡೀತು. ಬೀದಿಯ ಮೂಲೆಯಲ್ಲಿ ಕಲ್ಲಂಗಡಿಯ ರಾಶಿ, ಎಳನೀರಿನ ಗಾಡಿ, ಬುಟ್ಟಿಯಲ್ಲಿ ತಾಟಿನಿಂಗು, ಉಪ್ಪುಖಾರ ಸವರಿದ ತೋತಾಪುರಿಯ ಹೋಳು. ಮೇ ಕಳೆಯುವ ಹೊತ್ತಿಗೆ ಕೋಲಾರ, ರಾಮನಗರಗಳ ಕಡೆಯಿಂದ ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ಮಲಗೋವಾಗಳು ಬಂದಿಳಿಯುತ್ತವೆ. ಲಾಲ್‌ಬಾಗಿನ ಮಾವಿನ ಮೇಳದಲ್ಲಿ ಬೆಳೆದವನೇ ನಿಂತು ಮಾರುವುದರಿಂದ, ಹಣ್ಣಿನ ಜೊತೆಗೆ ಅದನ್ನು ಬೆಳೆದ ಊರಿನ ಮಳೆಬೆಳೆಯ ವರ್ತಮಾನವೂ ಕೊಳ್ಳುವವನಿಗೆ ದೊರೆಯುತ್ತದೆ. ರಸಪುರಿಯನ್ನು ಚಮಚದಿಂದ ತಿನ್ನುವವರ ವಿಷಯದಲ್ಲಿ ನಾನು ಏನನ್ನೂ ಹೇಳುವುದಿಲ್ಲ.

ಇಷ್ಟೆಲ್ಲ ಸುಖಗಳನ್ನು ಎಣಿಸಿದ ಮೇಲೆ ಅವುಗಳ ಲಕ್ಷಣವೊಂದು ಮನಸ್ಸಿಗೆ ಬರುತ್ತದೆ. ಬಂಡೆಯ ಮೇಲಿನ ಬೆಳಗು, ಬೀದಿಯ ಹೂವು, ಉದ್ಯಾನದ ನೆರಳು, ಚಪ್ಪರದ ಪಾನಕ, ಕರಗದ ರಾತ್ರಿ, ಕೆರೆಯ ಗಾಳಿ ಇವುಗಳಲ್ಲಿ ಯಾವುದೂ ಒಬ್ಬರಿಗೆ ಸೇರಿದ್ದಲ್ಲ. ನಾಲ್ಕು ಜನ ಅನುಭವಿಸಿದರೆ ಐದನೆಯವನಿಗೆ ಕಡಿಮೆಯಾಗುವಂಥದ್ದೂ ಅಲ್ಲ. ಆದರೆ ಎಲ್ಲರದ್ದಾದದ್ದು ಯಾರದ್ದೂ ಅಲ್ಲದಂತಾಗುವುದು ಬಹಳ ಸುಲಭ. ಮನೆಯ ಮುಂದಿನ ಗುಲ್‌ಮೊಹರ್ ನನ್ನದಲ್ಲ, ನಗರಪಾಲಿಕೆಯದು. ಆದ್ದರಿಂದ ಅದನ್ನು ಕಡಿಯುವಾಗ ನಾನು ಕಿಟಕಿ ಮುಚ್ಚಿಕೊಳ್ಳುತ್ತೇನೆ. ಕೆರೆ ನನ್ನದಲ್ಲ, ಸರ್ಕಾರದ್ದು. ಆದ್ದರಿಂದ ಅದು ಬಡಾವಣೆಯಾಗುವಾಗ ನಾನು ನಿವೇಶನಕ್ಕೆ ಅರ್ಜಿ ಹಾಕುತ್ತೇನೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ನೂರು ಕಿಲೋಮೀಟರು ಆಚೆಯಿಂದ ಬರುವ ಕಾವೇರಿಯೂ ಸಾಲದೆ, ಎಷ್ಟೋ ಬಡಾವಣೆಗಳ ಜನ ಕೊಡ ಹಿಡಿದು ನೀರಿನ ಲಾರಿಗೆ ಕಾದರು. ಮುಚ್ಚಿದ ಕೆರೆಗಳ ನೆನಪು ಆಗ ಅನೇಕರಿಗೆ ಬಂದಿತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಉಂಟು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವುದೆಂದೂ, ಅದಕ್ಕಾಗಿ 812 ಮರಗಳನ್ನು ಕಡಿಯುವುದೆಂದೂ ಆಲೋಚನೆ ನಡೆಯಿತು. ಆ ವರ್ಷದ ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ಆ ರಸ್ತೆಯ ಉದ್ದಕ್ಕೂ ಸಾಲಾಗಿ ನಿಂತರು. ಅಜ್ಜಿಯರಿದ್ದರು, ಶಾಲೆಯ ಮಕ್ಕಳಿದ್ದರು. 2017ರ ಮಾರ್ಚಿಯಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಸೇತುವೆ ಬೇಕೋ ಬೇಡವೋ ಎಂಬ ವಾದ ಬೇರೆ. ಅದರ ತೀರ್ಮಾನ ನನ್ನ ಕೆಲಸವಲ್ಲ. ನಾನು ಗಮನಿಸುವುದು ಇಷ್ಟೆ: ಆ ದಿನ ಅಲ್ಲಿ ನಿಂತವರಿಗೆ ರಸ್ತೆಯ ಮರ ಪರರದ್ದೆನಿಸಿರಲಿಲ್ಲ. ಅನುಭವಿಸಿದವರಿಗೆ ಮಾತ್ರ ಆ ಮಮತೆ ಹುಟ್ಟುತ್ತದೆ. ನೆರಳಿನಲ್ಲಿ ಎಂದೂ ನಿಲ್ಲದವನಿಗೆ ಮರವೆಂದರೆ ರಸ್ತೆಗೆ ಅಡ್ಡವಾದ ಒಂದು ಕಂಬ.

ಆದುದರಿಂದ ಈ ಬೇಸಿಗೆಯಲ್ಲಿ ನಿಮ್ಮಲ್ಲಿ ನನ್ನ ವಿನಂತಿ ಬಹಳ ಸಣ್ಣದು. ರಜೆಯ ಒಂದು ಬೆಳಗ್ಗೆ ಮನೆಯ ಮಕ್ಕಳನ್ನು ಎಬ್ಬಿಸಿ, ತಂಪು ಯಂತ್ರದ ಅಂಗಡಿ ಸಂಕೀರ್ಣಗಳಿಗೆ ಬದಲಾಗಿ ಬಯಲಿಗೆ ಕರೆದುಕೊಂಡು ಹೋಗಿ. ನಿಮ್ಮ ಬೀದಿಯ ಹತ್ತು ಮರಗಳ ಹೆಸರನ್ನು ಅವರಿಗೆ ಹೇಳಿಕೊಡಿ. ನಿಮಗೆ ತಿಳಿಯದಿದ್ದರೆ ಹೂವು ಮಾರುವವಳನ್ನೋ ಉದ್ಯಾನದ ಮಾಲಿಯನ್ನೋ ಕೇಳಿ. ಅವರು ಸಂತೋಷದಿಂದ ಹೇಳುತ್ತಾರೆ, ಏಕೆಂದರೆ ಅವರನ್ನು ಯಾರೂ ಕೇಳುವುದಿಲ್ಲ. ಮಹಡಿಯ ಮೇಲೆ ಹಕ್ಕಿಗಳಿಗೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಮನೆಯ ಮುಂದೆ ಜಾಗವಿದ್ದರೆ ಮೊದಲ ಮಳೆಗೆ ಒಂದು ಹೊಂಗೆಯ ಸಸಿ ನೆಡಿ. ಅದು ನೆರಳು ಕೊಡುವ ಹೊತ್ತಿಗೆ ಆ ಮನೆಯಲ್ಲಿ ನೀವಿರುತ್ತೀರೋ, ಬಾಡಿಗೆಗೆ ಬಂದ ಬೇರೆಯವರಿರುತ್ತಾರೋ ಹೇಳಲಾಗದು. ಯಾರಿದ್ದರೂ ಮಧ್ಯಾಹ್ನ ಆ ದಾರಿಯಲ್ಲಿ ತರಕಾರಿಯ ಗಾಡಿ ತಳ್ಳಿಕೊಂಡು ಬಂದವನು ಅಲ್ಲಿ ಗಾಡಿ ನಿಲ್ಲಿಸಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಐದು ನಿಮಿಷ ಕುಳಿತು ಮುಂದಕ್ಕೆ ಹೋಗುತ್ತಾನೆ.